ಹದಿನಾಲ್ಕು ದೇಶ ಬೇಡವೆಂದ ಅತ್ತೆ

ನನ್ನ ಸೋದರತ್ತೆ ಈವರೆಗೆ ಹದಿನಾಲ್ಕು ದೇಶಗಳನ್ನು ಬೇಡವೆಂದು ತಳ್ಳಿಹಾಕಿದ್ದಾರೆ. ಅದರಲ್ಲಿ ಒಂದು ದೇಶವೂ ಅವರನ್ನು ಬಾ ಎಂದು ಕರೆದಿರಲಿಲ್ಲ, ಆ ಮಾತು ಬೇರೆ! ಪಾಸ್‌ಪೋರ್ಟ್? ಅದೂ ಇಲ್ಲ. ಕೇಳಿದರೆ, "ಮೊದ್ಲು ಹೆಣ್ಣು ನೋಡ್ಬೇಕೋ, ಮೊದ್ಲು ಛತ್ರ ಬುಕ್ ಮಾಡ್ಬೇಕೋ?" ಎಂದು ನನ್ನ ಬಾಯಿಯನ್ನೇ ಮುಚ್ಚಿಸುತ್ತಾರೆ.

ಅತ್ತೆ ಮದುವೆಯಾದವರಲ್ಲ. ಭದ್ರಾವತಿಯ ಕಾರ್ಖಾನೆಯೊಂದರಲ್ಲಿ ಟೆಲಿಫೋನ್ ಆಪರೇಟರ್ ಆಗಿದ್ದು ನಿವೃತ್ತರಾದವರು. ಕ್ವಾರ್ಟರ್ಸ್ ಬಿಟ್ಟ ಮೇಲೆ ಒಂದಾದ ಮೇಲೊಂದು ಬಾಡಿಗೆ ಮನೆ. ಈಗಿನದನ್ನೂ ದೀಪಾವಳಿಯೊಳಗೆ ಖಾಲಿ ಮಾಡಬೇಕು. "ಸಾಕು ಮಾರಾಯ, ಇನ್ನೊಬ್ರ ಗೋಡೆಗೆ ಕ್ಯಾಲೆಂಡರ್ ನೇತುಹಾಕಿದ್ದು. ಸಾಯೋದ್ರೊಳಗೆ ಒಂದು ಸ್ವಂತ ಮನೆ ಆಗ್ಬೇಕು" ಎಂದರು. ನ್ಯಾಯವಾದ ಆಸೆ. ಶಿವಮೊಗ್ಗದಲ್ಲೇ ನೋಡೋಣ ಎಂದೆ. "ಈ ಕಡೆ ಬೇಡ. ಫಾರಿನ್ನಲ್ಲಿ ನೋಡು!" ಎಂದರು. ಯಾಕೆ ಎಂದರೆ, ಇನ್ನೊಂದು ಸೌಟು ಉಪ್ಪಿಟ್ಟು ಹಾಕಲಾ ಎಂದು ಮಾತು ತಿರುಗಿಸಿದರು.

ಅಂದಿನಿಂದ ನನ್ನ ಭಾನುವಾರಗಳೆಲ್ಲ ಅತ್ತೆಯ ಪಾಲಾದವು. ಶಿವಮೊಗ್ಗದಿಂದ ಸ್ಕೂಟರಿನಲ್ಲಿ ಹೋಗಿ, ಅವರ ಮೊಬೈಲಿನಲ್ಲಿ ದೇಶ ಹುಡುಕಿಕೊಡುವುದು ನನ್ನ ಕೆಲಸ. ಬೇಡ ಎನ್ನುವುದು ಅವರ ಕೆಲಸ. ಚಳಿಗಾಲದಲ್ಲಿ ಬಿಸಿಲೇ ಇಲ್ಲವೆಂದು ನಾರ್ವೆ ಬಿದ್ದುಹೋಯಿತು. "ಹಪ್ಪಳ ಎಲ್ಲಿ ಒಣಗಿಸ್ಲಿ? ಫ್ಯಾನ್ ಕೆಳಗಾ?"

ನ್ಯೂಜಿಲೆಂಡ್ ಹೆಚ್ಚುಕಡಿಮೆ ಪಾಸಾಗಿತ್ತು. ಹಸಿರು, ತಂಪು, ಧಾರಾಳ ಹಾಲು. ಆದರೆ ಅಲ್ಲಿ ಮಧ್ಯಾಹ್ನದ ಸೂರ್ಯ ಉತ್ತರಕ್ಕಿರುತ್ತಾನೆಂದು ನಾನು ಬಾಯಿತಪ್ಪಿ ಹೇಳಿಬಿಟ್ಟೆ. ಅತ್ತೆಗೆ ಗಾಬರಿ! ಹಾಗಾದರೆ ಆಗ್ನೇಯ ಮೂಲೆ ಯಾವುದು? ಒಲೆ ಎಲ್ಲಿಡುವುದು? ಕೂಡಲೇ ಕೋಟೆಯ ಹತ್ತಿರದ ಪುರೋಹಿತರಿಗೆ ಫೋನ್ ಹೋಯಿತು. ಅವರು ಬಹಳ ಹೊತ್ತು ಯೋಚಿಸಿ, "ಅಮ್ಮಾ, ನನ್ನ ವಾಸ್ತು ಹೊಳೆಹೊನ್ನೂರು ತನಕ ಗ್ಯಾರಂಟಿ. ಅದರಾಚೆಗೆ ನಾನು ಜವಾಬ್ದಾರ ಅಲ್ಲ" ಎಂದರು. ನ್ಯೂಜಿಲೆಂಡೂ ಹೋಯಿತು.

ಒಂದು ವೆಬ್‌ಸೈಟಿನಲ್ಲಿ ನಾನು ಅತ್ತೆಯ ನಂಬರ್ ಹಾಕಿದ್ದಕ್ಕೆ ಪೋರ್ಚುಗಲ್ಲಿನ ಮನೆ ದಲ್ಲಾಳಿಯೊಬ್ಬ ತಾನಾಗಿಯೇ ಫೋನ್ ಮಾಡಿದ. ಅತ್ತೆಯ ಇಂಗ್ಲಿಷ್ ಕಾರ್ಖಾನೆಯ ಟ್ರಂಕ್ ಕಾಲ್‌ಗಳಲ್ಲಿ ಪಳಗಿದ್ದು, ತಡವರಿಸಿದವನು ಅವನೇ. ಅತ್ತೆಯ ಪ್ರಶ್ನೆಗಳು ಶುರುವಾದವು: ಬೋರ್ ಇದೆಯಾ, ನೀರು ಎಷ್ಟು ದಿನಕ್ಕೊಮ್ಮೆ ಬಿಡುತ್ತಾರೆ, ಖಾತೆ ಯಾರ ಹೆಸರಿನಲ್ಲಿದೆ, ಅಣ್ಣತಮ್ಮಂದಿರ ತಕರಾರು ಏನಾದರೂ ಇದೆಯಾ? ಪಾಪ, ಅವನು ತನಗೆ ಇಬ್ಬರು ತಮ್ಮಂದಿರಿದ್ದಾರೆಂದೂ ಎಲ್ಲರೂ ಅನ್ಯೋನ್ಯವಾಗಿದ್ದೇವೆಂದೂ ಹೇಳಿದ! ಕೊನೆಗೆ ಕಿಟಕಿಯಿಂದ ಸಮುದ್ರ ಕಾಣುತ್ತದೆ ಎಂದು ಆಸೆ ತೋರಿಸಿದ. ಕಬ್ಬಿಣದ ಊರಿನ ಹೆಂಗಸಿಗೆ ಸಮುದ್ರದ ಆಸೆಯೇ? ಉಪ್ಪುಗಾಳಿಗೆ ಗ್ರಿಲ್ ತುಕ್ಕು ಹಿಡಿಯುತ್ತದೆ ಎಂದು ಹೇಳಿ ಅತ್ತೆ ಫೋನಿಟ್ಟರು. ಆದರೂ ವಾರವೆಲ್ಲ ಅವನನ್ನು ಹೊಗಳಿದ್ದೇ ಹೊಗಳಿದ್ದು. "ಒಳ್ಳೇ ಮನುಷ್ಯ ಕಣೋ. ಎಷ್ಟು ಮರ್ಯಾದೆಯಿಂದ ಮಾತಾಡ್ದ!"

ದೀಪಾವಳಿಗೆ ಇನ್ನೊಂದೇ ತಿಂಗಳು. ನಾನು ಹಟ ಹಿಡಿದೆ. ಶಿವಮೊಗ್ಗದ ಆಲ್ಕೊಳದಲ್ಲಿ ಒಂದು ಸಣ್ಣ ಮನೆ ಮಾರಾಟಕ್ಕಿತ್ತು. "ಸುಮ್ನೆ ನೋಡ್ಕೊಂಡ್ ಬರೋಣ ಅತ್ತೆ. ಇದನ್ನೂ ಬೇಡ ಅನ್ನಿ, ಹದಿನೈದಾಗುತ್ತೆ" ಎಂದು ಪುಸಲಾಯಿಸಿ ಸ್ಕೂಟರ್ ಹತ್ತಿಸಿದೆ. ಅರ್ಧ ದಾರಿ ಕಳೆಯಿತು. ಆಮೇಲೆ ಬೆನ್ನ ಹಿಂದಿನಿಂದ ಮೆಲ್ಲಗೆ ಹೇಳಿದರು.

"ಇಲ್ಲಿ ಎಲ್ಲಿ ಹೋದ್ರೂ ಮೊದ್ಲು ಅದೇ ಕೇಳ್ತಾರೆ ಕಣೋ. ಯಜಮಾನ್ರು ಬರ್ಲಿಲ್ವಾ ಅಂತ. ಇಲ್ಲ ಅಂದ್ರೆ, ಅವ್ರು ಬರ್ಲಿ ಮಾತಾಡೋಣ ಅಂತಾರೆ. ಬಾಡಿಗೆಗೂ ಅದೇ, ಸೈಟಿಗೂ ಅದೇ. ಆ ಪೋರ್ಚುಗಲ್‌ನೋನು ಮಾತ್ರ ನಿಮ್ಗೆ ಎಷ್ಟು ರೂಮ್ ಬೇಕು ಅಂತ ನನ್ನನ್ನೇ ಕೇಳ್ದ."

ನಮ್ಮ ಭಾಷೆಯಲ್ಲಿ ಗಂಡನೂ ಯಜಮಾನನೇ, ಮನೆಯ ಒಡೆಯನೂ ಯಜಮಾನನೇ. ನಾನೇ ದಿನಕ್ಕೆ ಹತ್ತು ಸಲ ಆಡುವ ಮಾತು ಅದು. ಹದಿನಾಲ್ಕು ದೇಶಗಳಿಗೂ ಹೊಟ್ಟೆ ತುಂಬ ನಕ್ಕಿದ್ದ ನನಗೆ ನಾಚಿಕೆಯಾಯಿತು.

ಆಲ್ಕೊಳದ ಮನೆಯ ಹಿರಿಯರು ಬಂದು ಗೇಟು ತೆಗೆದರು. ನನ್ನನ್ನು ನೋಡಿದರು. ಅತ್ತೆಯನ್ನು ನೋಡಿದರು. ಹಿಂದೆ ಇನ್ಯಾರಾದರೂ ಬರುತ್ತಿದ್ದಾರೋ ಎಂದು ರಸ್ತೆಯ ಕಡೆಗೂ ಕತ್ತು ಚಾಚಿದರು.

"ಯಜಮಾನ್ರು ಬರ್ಲಿಲ್ವಾ?"

ನಾನು ಏನೋ ಹೇಳಲು ಬಾಯಿ ತೆರೆದೆ. ಅತ್ತೆ ನನ್ನ ತೋಳು ಹಿಡಿದು ತಡೆದರು. ಸೆರಗು ಸರಿಮಾಡಿಕೊಂಡು, ಇಡೀ ಕಾರ್ಖಾನೆಗೆ ಗೊತ್ತಿದ್ದ ಆ ಸ್ಪಷ್ಟ ದನಿಯಲ್ಲಿ ಹೇಳಿದರು.

"ನಾನೇ ಮಾತಾಡ್ತಿರೋದು. ಹೇಳಿ."

ಹಿರಿಯರು ಒಂದು ಗಳಿಗೆ ಕಕ್ಕಾಬಿಕ್ಕಿಯಾದರು. ಆಮೇಲೆ ಮುಖದಲ್ಲಿ ನಗು ಮೂಡಿತು. ಗೇಟನ್ನು ಪೂರ್ತಿ ತೆಗೆದು ಪಕ್ಕಕ್ಕೆ ಸರಿದು, "ಬನ್ನಿ ಯಜಮಾನ್ರೇ, ಮನೆ ನೋಡಿ" ಎಂದರು.

ಅತ್ತೆ ಬಾಗಿಲಲ್ಲಿ ಚಪ್ಪಲಿ ಬಿಟ್ಟರು. ಆಮೇಲೆ ಬಲಗಾಲಿಟ್ಟು ಹೊಸಿಲು ದಾಟಿದರು.