ಮೈ ಹೇಗಿದೆ ತಮ್ಮಾ?

ಬೇಡವೆಂದರೂ ಕೇಳದೆ ನೆರೆಮನೆಯ ಮೊಖೆಲೆ ಬೆಳಿಗ್ಗೆ ಕಂಬಳಿ ಹೊದ್ದು, ಕೈಯಲ್ಲಿ ಪಾನಾ ಹಿಡಿದು ತ್ಸೆಲಿಸೊನ ಸೈಕಲ್ಲಿನ ನಟ್ಟುಬೋಲ್ಟು ಬಿಗಿ ಮಾಡಲು ಅಂಗಳಕ್ಕೆ ಬಂದ. ಮಲೂಟಿ ಬೆಟ್ಟದ ಮೇಲಿನ ಆಸ್ಪತ್ರೆಗೆ ಹಳ್ಳಿಹಳ್ಳಿಗೆ ಸೈಕಲ್ಲಿನಲ್ಲಿ ಔಷಧಿ ಒಯ್ಯುವವನೊಬ್ಬ ಬೇಕಾಗಿದ್ದ. ಕೆಲಸ ಬೇಕಾದವರು ಮಧ್ಯಾಹ್ನದೊಳಗೆ ಸೈಕಲ್ ತುಳಿದುಕೊಂಡೇ ಬರಬೇಕಿತ್ತು. ಗಣಿಯ ಕೆಲಸ ಹೋದಮೇಲೆ ಹೆಂಡತಿಯ ದುಡಿಮೆಯಲ್ಲಿ ಉಣ್ಣುತ್ತಿದ್ದ ತ್ಸೆಲಿಸೊಗೆ ಈ ಕೆಲಸ ಸಿಗಲೇಬೇಕಿತ್ತು.

"ಇಳಿಜಾರಲ್ಲಿ ಜಾರಿದ್ರೆ ಮೂಳೆನೂ ಸಿಗಲ್ಲ ತಮ್ಮಾ. ಎಲ್ಲಾ ಬಿಗಿ ಮಾಡಿದೀನಿ," ಎಂದು ಮೊಖೆಲೆ ಬೆನ್ನು ತಟ್ಟಿ ಕಳಿಸಿದ.

ಊರು ದಾಟುವಷ್ಟರಲ್ಲಿ ತೊಡೆ ಉರಿಯತೊಡಗಿತು. ಕಾಲ ಕೆಳಗೆ ಕಲ್ಲು, ಎದುರಿಗೆ ಗಾಳಿ. ಅವನ್ನಾದರೂ ಸಹಿಸಬಹುದು, ಜನರನ್ನು ಸಹಿಸುವುದು ಹೇಗೆ? ಎದುರು ಸಿಕ್ಕವರು ಎಲ್ಲಿಂದ ಬಂದೆ, ಎಲ್ಲಿಗೆ ಹೊರಟೆ, ಮೈ ಹೇಗಿದೆ ಎಂದು ಕೇಳಿದರೆ ಇಳಿದು ನಿಂತು ಉತ್ತರ ಕೊಡಬೇಕು. ಇಲ್ಲದಿದ್ದರೆ ಹೆತ್ತವರ ಮಾನ ಹೋಗುತ್ತದೆ. ಈ ಪುಣ್ಯಾತ್ಮರೋ ಸಪಾಟು ನೆಲದಲ್ಲಿ ನಿಲ್ಲುವುದಿಲ್ಲ, ಸರಿಯಾಗಿ ಏರಿನ ನಡುವೆಯೇ ನಿಂತಿರುತ್ತಾರೆ. ಇಳಿದ ಮೇಲೆ ಮತ್ತೆ ಹತ್ತಿ ತುಳಿಯುವುದು ಇವರ ತಾತನಿಂದಾದರೂ ಸಾಧ್ಯವೇ?

ಮೊದಲ ಏರಿನಲ್ಲಿ ಅಂಗಡಿಯ ಪುಲೆಂಗಮ್ಮನಿಗೆ ಮೊಣಕಾಲು ಹೋಯಿತೆಂದ. ಎರಡನೆಯದರಲ್ಲಿ ಕುದುರೆಯ ಮೇಲಿದ್ದ ಕುರಿಗಾಹಿಗೆ ಎದೆ ಒಡೆಯುತ್ತಿದೆಯೆಂದ. ಕೊನೆಯ ಏರಿನಲ್ಲಿ ಜೋಳದ ಬಿಯರ್ ಮಾರುವವಳು ತಡೆದಾಗ ತಾಳ್ಮೆ ಕೆಟ್ಟಿತು.

"ಸಾಯ್ತಾ ಇದೀನಿ ತಾಯಿ, ದಾರಿ ಬಿಡು."

ಮೂವರೂ ಲೊಚಗುಟ್ಟಿ, ಕಂಬಳಿಯೊಳಗಿಂದ ಮೊಬೈಲ್ ತೆಗೆದರು. ಸದ್ಯ ನನ್ನನ್ನು ಬಿಟ್ಟರಲ್ಲ ಎಂದು ತ್ಸೆಲಿಸೊ ತುಳಿದ.

ಹೊತ್ತು ನೆತ್ತಿಗೇರುವ ಮೊದಲೇ ಆಸ್ಪತ್ರೆ ಸಿಕ್ಕಿತು. ಬಾಗಿಲಲ್ಲಿ ನರ್ಸ್ ಮಸೆಚಬಾ ಆಳುಗಳ ಜೊತೆ ಸ್ಟ್ರೆಚರ್ ಹಿಡಿದು ಕಾಯುತ್ತಿದ್ದಳು. ತಾನು ಕೆಲಸಕ್ಕೆ ಬಂದವನೆಂದು ಅವನು ಎಷ್ಟು ಬೇಡಿಕೊಂಡರೂ ಎತ್ತಿ ಮಲಗಿಸಿಯೇ ಬಿಟ್ಟರು.

"ಮೂರೂರಿಂದ ಫೋನ್ ಬಂದಿದೆ. ಮೊದ್ಲು ಮೊಣಕಾಲು, ಆಮೇಲೆ ಎದೆ, ಆಮೇಲೆ ಸಾವು. ಸುಮ್ನೆ ಮಲ್ಕೋ," ಎಂದಳು ಅವಳು.

ಅಷ್ಟರಲ್ಲಿ ಸೈಕಲ್ಲನ್ನು ನೆರಳಿಗೆ ತಳ್ಳಲು ಹೋದ ಕಾವಲುಗಾರ ಬೆವರು ಒರೆಸಿಕೊಳ್ಳುತ್ತ ಬಂದ. ಹಿಂದಿನ ಬ್ರೇಕು ಚಕ್ರವನ್ನು ಕಚ್ಚಿಕೊಂಡಿದೆಯೆಂದೂ, ತಳ್ಳುವುದೇ ಕಷ್ಟವೆಂದೂ ಹೇಳಿದ.

ತ್ಸೆಲಿಸೊ ಧಿಗ್ಗನೆ ಎದ್ದು ಕೂತ. ಮೊಖೆಲೆಯ ಮೇಲೆ ಮೈಯೆಲ್ಲ ಉರಿದರೂ ಒಳಗೊಳಗೇ ಹಿಗ್ಗಾಯಿತು. "ಬ್ರೇಕ್ ಹಾಕ್ಕೊಂಡೇ ಬೆಟ್ಟ ಹತ್ತಿದೀನಿ. ನನಗಿಂತ ಗಟ್ಟಿ ಆಳು ನಿಮಗೆಲ್ಲಿ ಸಿಗ್ತಾನೆ?"

"ಗಟ್ಟಿ ಏನೋ ಹೌದು," ಎಂದಳು ನರ್ಸ್. "ಬೆಳಗಿಂದ ಒಂದ್ಸಲನಾದ್ರೂ ಬಗ್ಗಿ ಚಕ್ರ ನೋಡಿದ್ಯಾ? ಸೈಕಲ್ ಬಲ್ಲವರು ಬೇಕಪ್ಪಾ ನಮಗೆ. ಒಬ್ಬರು ಹೊರಟಿದೀನಿ ಅಂತ ಫೋನ್ ಮಾಡಿದಾರೆ."

ಹೊರಗೆ ಸೈಕಲ್ಲಿನ ಗಂಟೆ ಕೇಳಿಸಿತು. ಮೊಖೆಲೆ ಒಂದು ಹನಿ ಬೆವರೂ ಇಲ್ಲದೆ ಒಳಗೆ ಬಂದು, ಮಂಚದ ಪಕ್ಕ ನಿಂತು ಕಳಕಳಿಯಿಂದ ಕೇಳಿದ.

"ಮೈ ಹೇಗಿದೆ ತಮ್ಮಾ?"

ಕೇಳಿದ ಮೇಲೆ ಉತ್ತರ ಕೊಡದೆ ಇರುವಂತಿಲ್ಲ. ಚೆನ್ನಾಗಿದೆ ಅಣ್ಣಾ ಎಂದು ತ್ಸೆಲಿಸೊ ಹಲ್ಲು ಕಡಿದ.