ಬೊಂಬಾಯಿ ಬಸ್ಸಿನ ಒಣ ಬಂಗುಡೆ

ಗಂಡನ ಮೇಲೆ ಜೀವನಾಂಶದ ಅರ್ಜಿ ಹಾಕಿ, ಅದೇ ಗಂಡನಿಗೆ ಒಣ ಬಂಗುಡೆ ಮೀನನ್ನೂ ಕಳುಹಿಸಿದ ಹೆಂಗಸು ಈ ಭೂಮಂಡಲದಲ್ಲಿ ಒಬ್ಬಳೇ ಇರಬೇಕು. ಆಕೆ ನನ್ನ ಅಮ್ಮ!

ದಯವಿಟ್ಟು ನಗಬೇಡಿ. ನನ್ನ ಕಾಲೇಜು ಆ ಅರ್ಜಿಯನ್ನೇ ನಂಬಿಕೊಂಡಿತ್ತು. ಹೋಟೆಲ್ ಕೆಲಸಕ್ಕೆಂದು ಬೊಂಬಾಯಿಗೆ ಹೋದ ಅಪ್ಪಯ್ಯ ಆರು ವರ್ಷಗಳಿಂದ ಊರಿಗೆ ಬಂದಿರಲಿಲ್ಲ, ಮನಿಯಾರ್ಡರೂ ನಿಂತುಹೋಗಿತ್ತು. ಗಂಗೊಳ್ಳಿಯಿಂದ ಮೀನು ತಂದು ಹೆಮ್ಮಾಡಿಯ ಮನೆಮನೆಗೆ ಮಾರಿ ಅಮ್ಮ ನನ್ನನ್ನು ಪಿಯುಸಿ ದಾಟಿಸಿದ್ದಳು. ಅದರಾಚೆಗೆ ಅವಳ ಬುಟ್ಟಿಯ ಶಕ್ತಿ ಸಾಲದೆಂದು ಕುಂದಾಪುರದ ವಕೀಲರೊಬ್ಬರ ಬಳಿಗೆ ಹೋದೆವು.

ಹಳೆಯ ಪತ್ರವೊಂದರ ಮೇಲಿದ್ದ ವಿಳಾಸವನ್ನು ಬರೆದುಕೊಂಡು ವಕೀಲರು ಅರ್ಜಿಯನ್ನು ಓದತೊಡಗಿದರು: “ಎದುರುದಾರರು ಪತ್ನಿ ಹಾಗೂ ಮಗಳನ್ನು ತೊರೆದು...”

“ಹ್ವಾಯ್ ವಕೀಲ್ರೇ, ತೊರ್ದದ್ದ್ ಅಂದೇಳಿ ಬರೂದ್ ಬ್ಯಾಡ,” ಅಮ್ಮ ತಡೆದಳು. “ಹೋಯಿ ತಿರ್ಗಿ ಬಪ್ಪುಕೆ ಆಯ್ಲಿಲ್ಲ, ಅಷ್ಟೇ.”

“ಹಾಗೆ ಬರೆದರೆ ನ್ಯಾಯಾಧೀಶರು ನಿಮಗೆ ಜೀವನಾಂಶ ಕೊಡಿಸುವುದಿಲ್ಲ ಅಮ್ಮ, ಅವರಿಗೆ ಬಸ್ ಟಿಕೇಟು ಕೊಡಿಸುತ್ತಾರೆ!”

“ಅದಾದ್ರೂ ಅಡ್ಡಿಲ್ಲ,” ಎಂದಳು ಅಮ್ಮ.

ಅರ್ಜಿ ಕುಂದಾಪುರದಲ್ಲಿ, ಮನುಷ್ಯ ಮಹಾರಾಷ್ಟ್ರದಲ್ಲಿ. ಅಲ್ಲಿಯ ಪೊಲೀಸರ ಕೈಗೆ ಹೋದ ನೋಟೀಸು ಎರಡು ಬಾರಿಯೂ ‘ಈ ವಿಳಾಸದಲ್ಲಿ ಇಲ್ಲ’ ಎಂಬ ಷರಾ ಹೊತ್ತು ಮರಳಿತು. ಮುಂದಿನ ತಾರೀಖಿನೊಳಗೆ ಸರಿಯಾದ ವಿಳಾಸ ಸಿಗದಿದ್ದರೆ ಅರ್ಜಿ ಅಲ್ಲಿಗೇ ಮಲಗುತ್ತದೆ ಎಂದರು ವಕೀಲರು. ಕಾಲೇಜಿನ ಅರ್ಜಿಯನ್ನೂ ಅದರ ಪಕ್ಕದಲ್ಲೇ ಮಲಗಿಸಬೇಕೆಂದು ಲೆಕ್ಕಹಾಕುತ್ತ ನಾನು ಮನೆಗೆ ಬಂದರೆ, ಅಮ್ಮ ಜಗಲಿಯಲ್ಲಿ ಕುಳಿತು ಒಣ ಬಂಗುಡೆಯನ್ನು ಬಟ್ಟೆಯಲ್ಲಿ ಗಂಟು ಕಟ್ಟುತ್ತಿದ್ದಳು.

“ಯಾರಿಗೆ ಅಮ್ಮ ಇದ್?”

“ನಿನ್ನ ಅಪ್ಪಯ್ಯಂಗೆ. ವರ್ಷ ವರ್ಷ ಕಳ್ಸ್ತೆ.”

“ಬೊಂಬಾಯಿ ಪೊಲೀಸ್ರಿಗೆ ಸಿಕ್ಕದವ್ರ್ ಬಂಗ್ಡಿಗೆ ಸಿಕ್ತ್ರಾ?”

“ಪೊಲೀಸ್ರ್ ವಿಳಾಸ ಕೇಂತ್ರ್. ಬಸ್ಸಿನವ ಹೆಸ್ರ್ ಕೇಂತ.”

ನಿಜವೇ. ನಮ್ಮ ಕಡೆಯ ಬೊಂಬಾಯಿ ಬಸ್ಸು ಜನರನ್ನಷ್ಟೇ ಒಯ್ಯುವುದಿಲ್ಲ. ಹಪ್ಪಳ, ಕುಚ್ಚಲಕ್ಕಿ, ಕಷಾಯದ ಪುಡಿ, ಬರಿಯ ಹೆಸರು ಹೇಳಿದರೆ ಸಾಕು, ಎಲ್ಲವೂ ಅವರವರ ಕೈ ಮುಟ್ಟುತ್ತವೆ.

“ವಕೀಲ್ರಿಗೆ ಎಂತಕ್ಕೆ ಹೇಳ್ಲಿಲ್ಲ?”

ಅಮ್ಮ ಗಂಟನ್ನು ಹಲ್ಲಿನಿಂದ ಎಳೆದು ಬಿಗಿದಳು. “ಕೋರ್ಟಿಗೆ ಹೇಳ್ರೆ, ಮತ್ತೆ ನಿನ್ನ ಅಪ್ಪಯ್ಯ ಇದನ್ನ್ ತಕಂತ್ರಾ?”

ಅವಳು ಕೈ ಒರೆಸಿಕೊಂಡು, ಗೋಡೆಗೆ ಒರಗಿಸಿಟ್ಟಿದ್ದ ನನ್ನ ಅಂಕಪಟ್ಟಿಯನ್ನು ಬಹಳ ಹೊತ್ತು ನೋಡಿದಳು. ಅವಳಿಗೆ ಓದಲು ಬಾರದು. ಆಮೇಲೆ ಗಂಟನ್ನು ನನ್ನ ಮಡಿಲಿಗೆ ಹಾಕಿದಳು. “ಈ ಸಲ ನೀನೇ ಕೊಟ್ಟ್ ಬಾ. ಎಲ್ಲಿ ಕೊಡ್ತ್ರ್, ಅವ್ರ್ ಎಲ್ಲಿ ಇದ್ರ್, ಎಲ್ಲ ಕೇಂಡ್ಕಂಡ್ ಚಂದ ಮಾಡಿ ಬರ್ಕಂಡ್ ಬಾ.”

ಹೆಮ್ಮಾಡಿಯಲ್ಲಿ ಬಸ್ಸು ನಿಂತಾಗ ಡ್ರೈವರ್ ನಕ್ಕ. “ನಿನ್ನ ಅಪ್ಪಯ್ಯನಾ? ಥಾಣೆಯಲ್ಲಿ ಕ್ಯಾಂಟೀನ್ ಇಟ್ಕಂಡಿದ್ರಲೆ! ಬಸ್ ನಿಲ್ಲೂಕಿಲ್ಲ, ‘ಬಂಗ್ಡಿ ಬಂತಾ’ ಅಂದೇಳಿ ಓಡಿ ಬತ್ರ್.” ಅವನು ಹೇಳಿದ ವಿಳಾಸವನ್ನು ಒಂದಕ್ಷರವೂ ತಪ್ಪದಂತೆ ಬರೆದುಕೊಂಡೆ. ಜೀವನದಲ್ಲಿ ಅಷ್ಟು ಶುದ್ಧವಾಗಿ ನಾನು ಬೇರೇನನ್ನೂ ಬರೆದಿಲ್ಲ.

ನೋಟೀಸು ಮುಟ್ಟಿತು. ಅಪ್ಪಯ್ಯ ಬರಲಿಲ್ಲ, ಅವರ ವಕೀಲರು ಬಂದರು. ಆದೇಶವಾಯಿತು, ನಾನು ಕಾಲೇಜು ಸೇರಿದೆ.

ಮರುವರ್ಷ ಬೇಸಿಗೆಯಲ್ಲಿ ಹೋದ ಬಂಗುಡೆ ಅದೇ ಬಸ್ಸಿನಲ್ಲಿ ಮರಳಿ ಬಂತು. ಅಮ್ಮ ಹಲ್ಲಿನಿಂದ ಬಿಗಿದಿದ್ದ ಗಂಟು ಹಾಗೆಯೇ ಇತ್ತು.

“ಉಪ್ಪ್ ಜಾಸ್ತಿ ಆಯಿತ್ತ್ ಕಾಣತ್ತ್,” ಎಂದಳು ಅಮ್ಮ, ಗಂಟು ಬಿಚ್ಚುತ್ತ.

ಬಿಚ್ಚದ ಗಂಟಿನ ಉಪ್ಪು ಅಪ್ಪಯ್ಯನಿಗೆ ತಿಳಿದದ್ದು ಹೇಗೆ? ಎರಡು ಬಂಗುಡೆಗಳನ್ನು ಕೆಂಡದಲ್ಲಿ ಸುಟ್ಟು, ಗಂಜಿಯ ಜೊತೆ ಮುಳ್ಳಷ್ಟೇ ಉಳಿಯುವಂತೆ ತಿಂದೆ.

“ಉಪ್ಪ್ ಸಮಾ ಇತ್ತ್ ಅಮ್ಮ.”

“ಅಲ್ದಾ?” ಎಂದು ಅವಳು ಆ ದಿನ ಮೊದಲ ಬಾರಿಗೆ ನನ್ನ ಮುಖ ನೋಡಿದಳು.