ನಮ್ಮ ಮಲ್ಲನಿಗೆ ಪಟ್ಟ ತಪ್ಪಿಸಿದ ಐದು ಪ್ರಶ್ನೆಗಳು

ಬೆಳಗ್ಗೆ ಎದ್ದು ಕೊಟ್ಟಿಗೆ ಗುಡಿಸಿದೆ. ಬಾವಿಯಿಂದ ನಾಲ್ಕು ಕೊಡ ನೀರು ತಂದೆ. ನೇಗಿಲಿನ ಸಡಿಲ ಬೆಣೆಗೆ ಎರಡು ಏಟು ಹಾಕಿದೆ. ಹುಣಸೆಹಣ್ಣಿನ ಬೀಜ ಬಿಡಿಸಲು ಕೂತು ಅರ್ಧಕ್ಕೆ ಎದ್ದೆ. ಆಮೇಲೆ ಪಕ್ಕದ ಕಂಬ ಪಟ್ಟಣಕ್ಕೆ ಹೋಗಿ, ನಮ್ಮದೇ ಹೋರಿ ಮಲ್ಲನಿಗೆ ಬಂದ ಪಟ್ಟವನ್ನು ನನ್ನ ಕೈಯಾರೆ ತಪ್ಪಿಸಿ, ಮಧ್ಯಾಹ್ನದೊಳಗೆ ನಮ್ಮೂರು ಕಾಮಯಗೌಂಡನ್‌ಪಟ್ಟಿಗೆ ವಾಪಸು ಬಂದೆ. ಇಷ್ಟರಲ್ಲಿ ಮತ್ತೆ ಮಾಡಬೇಕಿಲ್ಲದ ಹಾಗೆ ಮುಗಿದದ್ದು ಕೊನೆಯ ಕೆಲಸ ಒಂದೇ!

ಎಲ್ಲಕ್ಕೂ ಮೂಲ ನನ್ನ ಹೆಂಡತಿಯ ತಮ್ಮ ತಿಮ್ಮಣ್ಣ. ದಿಂಡಿಗಲ್ಲಿನಲ್ಲಿ ಮೇಷ್ಟ್ರು. ಹೋದ ತಿಂಗಳು ಪೆಟ್ಟಿಗೆಗೊಂದು ಬೀಗ ತರಲು ಹೋದವನು ಅವನ ಮನೆಯಲ್ಲಿ ಇಳಿದಿದ್ದೆ. ಅಲ್ಲಿ ಮದರಾಸಿನಲ್ಲಿ ಅಚ್ಚಾದ ಬೇಸಾಯದ ತಮಿಳು ಪತ್ರಿಕೆಯೊಂದು ಸಿಕ್ಕಿತು. ಹತ್ತಿಬೀಜ ತಿಂದ ಎತ್ತು, ತಿನ್ನದ ಎತ್ತಿಗಿಂತ ಹೆಚ್ಚು ಭಾರ ಎಳೆಯುತ್ತದೆ ಎಂದು ಯಾರೋ ಪಂಡಿತರು ಪರೀಕ್ಷೆ ಮಾಡಿ ಲೇಖನ ಬರೆದಿದ್ದರು. ಓದಿ ಮುಗಿಸಿ ಕೈ ಮುಗಿದೆ.

"ಯಾಕೆ ಮಚ್ಚಾನ್, ಕೈ ಮುಗೀತೀ?" ಎಂದ ತಿಮ್ಮಣ್ಣ.

"ಅಚ್ಚಾಗಿದೆಯಲ್ಲಪ್ಪಾ. ಸತ್ಯ ಇರಬೇಕು."

"ಅಚ್ಚಾದದ್ದೆಲ್ಲ ಸತ್ಯ ಅಂದ್ರೆ, ಪಂಚಾಂಗದಾಗೆ ಮಳೆ ಅಂತ ಅಚ್ಚು ಹಾಕೋನು ದಿನಾ ಕೊಡೆ ಹಿಡ್ಕಂಡೇ ತಿರುಗ್ತಿದ್ದ. ಓದೋದು ಬೇರೆ, ಕೆದಕಿ ಓದೋದು ಬೇರೆ. ಬೆರಳು ಮಡಚು."

ಮಡಚಿದೆ. ಎಷ್ಟು ಎತ್ತಿನ ಮೇಲೆ ನೋಡಿದರು? ಎಷ್ಟು ಸಲ? ಯಾವುದರ ಜೊತೆ ಹೋಲಿಸಿದರು? ಬೇರೆ ಕಾರಣ ಇದ್ದೀತೇ? ಐದನೆಯದು ಹೆಬ್ಬೆರಳು: ಬರೆದವನಿಗೆ ಇದರಲ್ಲಿ ಏನು ಪಾಲು? ಪಾಲಿದ್ದರೆ ಮರ್ಯಾದಸ್ತನು ತಾನಾಗಿಯೇ ಮೊದಲು ಹೇಳಬೇಕು.

ಲೇಖನವನ್ನು ಮತ್ತೆ ಓದಿದೆವು. ತಿಂದದ್ದು ಒಂದು ಎತ್ತು, ತಿನ್ನದ್ದು ಒಂದು. ನೋಡಿದ್ದು ಒಂದೇ ಸಲ. ತಿಂದ ಎತ್ತು ಎಳೆದದ್ದು ಇಳಿಜಾರಿನಲ್ಲಿ! ಕೊನೆಯಲ್ಲಿ ಇರುವೆಯಂಥ ಅಕ್ಷರದಲ್ಲಿ, ಪಂಡಿತರ ಅಣ್ಣನ ಹತ್ತಿಬೀಜದ ಮಂಡಿಯ ವಿಳಾಸ.

ಪತ್ರಿಕೆಯನ್ನು ಹೆಗಲ ವಸ್ತ್ರದಲ್ಲಿ ಸುತ್ತಿಕೊಂಡು ಹೊರಟೆ. ಬೀಗವನ್ನು ಅಲ್ಲೇ ಮರೆತೆ. ತೇನಿ ದಾಟಿದ ಮೇಲೆ ಗಾಡಿಯ ತೂಗಾಟಕ್ಕೆ ಕಣ್ಣು ಮುಚ್ಚಿತು. ಪಡುವಣ ಬೆಟ್ಟಗಳು ಮಂಜಿನೊಳಗೆ ಅರ್ಧ ಇದ್ದವು, ಅರ್ಧ ಇರಲಿಲ್ಲ. ಬೆಟ್ಟದಲ್ಲಿ ಸುರಂಗ ಕೊರೆದು ಆಚೆಯಿಂದ ತಂದ ಹೊಸ ನೀರು ಕಾಲುವೆಯಲ್ಲಿ ಯಾರೋ ಪಿಸುಗುಟ್ಟಿದ ಹಾಗೆ ಹರಿಯುತ್ತಿತ್ತು. ಕನಸಿನಲ್ಲಿ ಬಿಳಿಯ ಎತ್ತುಗಳು ಮೋಡದ ಮೇಲೆ ಸಾಲಾಗಿ ನಡೆದು ಬಂದವು. ಒಂದೊಂದೂ ನನ್ನ ಮುಂದೆ ನಿಂತು ಕೇಳಿತು: "ಎಷ್ಟು ಸಲ?"

ಮನೆಗೆ ಬಂದವನು ಎಲ್ಲವನ್ನೂ ಕೆದಕತೊಡಗಿದೆ. ಹೆಂಡತಿ ರಂಗಮ್ಮ ಕಷಾಯ ತಂದಳು. "ಕುಡಿ ಮಾಮ, ಕೆಮ್ಮು ಓಡ್ತದೆ."

"ಎಷ್ಟು ಜನರ ಮೇಲೆ ಪರೀಕ್ಷೆ ಆಗಿದೆ?"

"ನಿನ್ನೊಬ್ಬನ ಮೇಲೆ. ಇಪ್ಪತ್ತು ವರ್ಷದಿಂದ. ಕೆಮ್ಮು ಹೋಗ್ತದೆ, ಬುದ್ಧಿ ಮಾತ್ರ ಬರಲ್ಲ."

ಇನ್ನು ಹೋರಿಯ ವಿಚಾರ. ನಮ್ಮ ಕುಲಕ್ಕೆ ಕಂಬ ಪಟ್ಟಣದಲ್ಲಿ ದೇವರಿಗೆ ಬಿಟ್ಟ ಆವುಗಳ ಮಂದೆ ಇದೆ. ಅದಕ್ಕೊಂದು ಪಟ್ಟದ ಹೋರಿ. ಹಳೆಯದು ತೀರಿಕೊಂಡರೆ ಒಳ್ಳೆಯ ದಿನ ನೋಡಿ, ಕರ್ಪೂರ ಹಚ್ಚಿ, ಮಂದೆಯ ಮುಂದೆ ಕಬ್ಬಿನ ಕಟ್ಟು ಇಡುತ್ತಾರೆ. ಮೊದಲು ಬಂದು ಕಬ್ಬಿಗೆ ಬಾಯಿ ಹಾಕಿದ ಹೋರಿಗೆ ಪಟ್ಟ. ಅದು ದೇವರ ಆಯ್ಕೆ.

ನಮ್ಮ ಮಲ್ಲ ಆ ಮಂದೆಯಲ್ಲಿದ್ದ. ತಾಯಿ ಸತ್ತ ಕರು. ರಂಗಮ್ಮ ಗಂಜಿಯಲ್ಲಿ ಬೆರಳದ್ದಿ ಚೀಪಿಸಿ ಬದುಕಿಸಿ, ಆಮೇಲೆ ದೇವರಿಗೆ ಬಿಟ್ಟಳು. ನಮಗೆ ಮಕ್ಕಳಿಲ್ಲ. ಅವನ ಹಣೆಗೆ ಪಟ್ಟದ ಅರಿಶಿನ ಬೀಳುವುದನ್ನು ನೋಡಬೇಕು ಎಂಬುದೊಂದೇ ಅವಳ ಆಸೆ. ಹಳೆಯ ಹೋರಿ ತೀರಿಕೊಂಡು, ಇವತ್ತು ಹೊಸ ಪಟ್ಟದ ದಿನ. ಅದಕ್ಕಾಗಿ ಹೂವಿನ ಹಾರವನ್ನೂ ಕಟ್ಟಿ ಸೆರಗಿನಲ್ಲಿ ತಂದಿದ್ದಳು.

ಕಬ್ಬು ಇಟ್ಟರು. ಜನ ಹಿಂದೆ ಸರಿದು ದಾರಿ ಬಿಟ್ಟರು. ಬಿಸಿಲೂ ಧೂಳೂ ಸೇರಿ ಮಂದೆಯೇ ಗಾಳಿಯಲ್ಲಿ ತೇಲುವ ಹಾಗಿತ್ತು. ಅದರೊಳಗಿಂದ ನಮ್ಮ ಮಲ್ಲ, ನಿದ್ದೆಯಲ್ಲಿ ನಡೆದ ಹಾಗೆ, ನೇರ ಬಂದು ಕಬ್ಬಿಗೆ ಬಾಯಿ ಹಾಕಿದ!

ರಂಗಮ್ಮ ಹಾರ ಎತ್ತಿದಳು. ನನ್ನ ಹೆಬ್ಬೆರಳು ತಾನಾಗಿ ಮಡಚಿಕೊಂಡಿತು.

"ಮಹಾಜನರೇ, ಒಂದು ಅರಿಕೆ!" ಎಂದೆ. "ಈ ಹೋರಿಯಲ್ಲಿ ನನಗೆ ಪಾಲುಂಟು. ಮರೆಮಾಚಬಾರದು. ನನ್ನ ಹೆಂಡತಿ ಪ್ರತಿ ಶುಕ್ರವಾರ ಬಂದು ಇದಕ್ಕೆ ಕಬ್ಬಿನ ರುಚಿ ಹಿಡಿಸಿದ್ದಾಳೆ. ಅಲ್ಲದೆ ನೋಡಿದ್ದು ಒಂದೇ ಸಲ. ಗಾಳಿಯೂ ಕಬ್ಬಿನ ಕಡೆಯಿಂದ ಇದರ ಕಡೆಗೇ ಬೀಸುತ್ತಿದೆ..."

ಕುಲದ ಹಿರಿಯ ಬೊಮ್ಮಯ್ಯ ಕಿವಿಯ ಹತ್ತಿರ ಕೈ ತಂದರು. "ಏನ್ಲಾ ಹೇಳ್ತೀ? ಎಲ್ಲಾರ ಹೆಂಡ್ರೂ ಕಬ್ಬು ತಂದು ಹಾಕ್ತಾರೆ. ನನ್ನವಳೂ ಹಾಕ್ತಾಳೆ. ಸುಮ್ಕಿರು."

ಸುಮ್ಮನಿರಬಹುದಿತ್ತು. ಹೆಗಲ ವಸ್ತ್ರದಲ್ಲೇ ಇದ್ದ ಪತ್ರಿಕೆ ಬಿಚ್ಚಿ, ಹತ್ತಿಬೀಜದ ಲೇಖನವನ್ನು ಸಭೆಗೆ ವಿವರಿಸಿದೆ. ಇಳಿಜಾರಿನವರೆಗೂ ವಿವರಿಸಿದೆ! ಬೊಮ್ಮಯ್ಯನಿಗೆ ಬೇಸರ ಬಂತು. "ಆಮಾ, ಆಗಲಿ. ಮನೆಯವನೇ ಬೇಡ ಅಂದ ಮೇಲೆ ಇನ್ನೇನು? ಹೊಸ ಕಟ್ಟು ಇಡ್ರೋ!"

ಇಟ್ಟರು. ಆದರೆ ನನ್ನ ಭಾಷಣ ಮುಗಿಯುವುದರೊಳಗೆ ಮಲ್ಲ ಮೊದಲ ಕಟ್ಟನ್ನು ಪೂರ್ತಿ ಮುಗಿಸಿದ್ದ. ಈಗ ಹೊಟ್ಟೆ ತುಂಬಿ, ನೆರಳು ನೋಡಿ ಮಲಗಿ, ಅರೆಗಣ್ಣು ಮುಚ್ಚಿ ಮೆಲುಕು ಹಾಕುತ್ತಿದ್ದ. ಹನುಮಂತನಪಟ್ಟಿಯ ಕೆಂಚಣ್ಣ ಬಿಟ್ಟಿದ್ದ ಚುಕ್ಕೆ ಹೋರಿ ಕುಣಿಯುತ್ತ ಬಂದು ಕಬ್ಬು ಕಚ್ಚಿತು.

"ಬೇರೆ ಕಾರಣ!" ಎಂದು ಕೂಗಿದೆ. "ಮಲ್ಲನ ಹೊಟ್ಟೆ ತುಂಬಿದೆ! ಮೂರನೇ ಸಲ ನೋಡಬೇಕು!"

"ದೇವರಿಗೇ ಮೂರು ಸಲ ಪರೀಕ್ಷೆ ಬರೆಸ್ತೀಯಾ?" ಎಂದರು ಬೊಮ್ಮಯ್ಯ. ಚುಕ್ಕೆ ಹೋರಿಗೆ ಅರಿಶಿನ ಬಿತ್ತು. ಎಲ್ಲರೂ ಕೈ ಮುಗಿದರು. ನಾನೂ ಮುಗಿಯೋಣವೆಂದು ಪತ್ರಿಕೆಯನ್ನು ಕಂಕುಳಲ್ಲಿ ಇರುಕಿಕೊಂಡೆ. ಹಿಂದಿನಿಂದ ಯಾರೋ ಮೆಲ್ಲಗೆ ಎಳೆದರು. ಮಲ್ಲ! ಎದ್ದು ಬಂದು ಪಂಡಿತರ ಲೇಖನವನ್ನು ತಿನ್ನುತ್ತಿದ್ದ. ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ರಂಗಮ್ಮ ಹಾರವನ್ನು ಮಲ್ಲನ ಕೊರಳಿಗೇ ಹಾಕಿ, ಕಣ್ಣೊರೆಸಿಕೊಂಡು ಊರ ದಾರಿ ಹಿಡಿದಳು. ನಾನು ಹಿಂದಿನಿಂದ, "ತತ್ವದ ದೃಷ್ಟಿಯಿಂದ ನೋಡಿದರೆ..." ಎಂದು ನಾಲ್ಕು ಸಲ ಶುರು ಮಾಡಿದೆ. ನಾಲ್ಕು ಸಲವೂ ಅವಳ ನಡಿಗೆ ಜೋರಾಯಿತು.

ಮನೆಯಲ್ಲಿ ಎರಡು ಎಲೆ ಹಾಕಿದಳು. ಒಂದಕ್ಕೆ ಪಟ್ಟದ ದಿನಕ್ಕೆಂದು ಬೆಳಗ್ಗೆಯೇ ಮಾಡಿಟ್ಟಿದ್ದ ಬೆಲ್ಲದ ಪೊಂಗಲು, ತುಪ್ಪ, ಅವರೆಕಾಳಿನ ಹುಳಿ, ಹಪ್ಪಳ. ಇನ್ನೊಂದಕ್ಕೆ ನಿನ್ನೆಯ ತಂಗಳು ಸಜ್ಜೆ ಮುದ್ದೆ, ಒಂದು ಹರಳು ಉಪ್ಪು.

"ಇದೇನು ರಂಗಮ್ಮ?"

"ಹೋಲಿಸಿ ನೋಡಬೇಕಲ್ಲಾ ಮಾಮ? ತಿಂದ ಎತ್ತು ನಾನು. ತಿನ್ನದ ಎತ್ತು ನೀನು."

ಉಂಡೆವು. ತಿಂದ ಎತ್ತು ಗೋಡೆಯ ಕಡೆ ತಿರುಗಿ ಮೊದಲು ನಿದ್ದೆ ಹೋಯಿತು. ತಿನ್ನದ ಎತ್ತಿಗೆ ನಿದ್ದೆ ಬರಲಿಲ್ಲ. ಎದ್ದು ಕೂತು, ಬೆಳಗ್ಗೆ ಅರ್ಧಕ್ಕೆ ಬಿಟ್ಟ ಹುಣಸೆಬೀಜ ಬಿಡಿಸಿತು. ಐದು ಬೆರಳೂ ಮಡಚಿ ನೋಡಿದೆ. ಈ ಪರೀಕ್ಷೆಯಲ್ಲಿ ಒಂದು ತಪ್ಪೂ ಸಿಗಲಿಲ್ಲ.